ಮಣ್ಣನ್ನೇ ಕೇಳೋಣ



ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಸಿವಿಲ್ ವಿದ್ಯಾರ್ಥಿಗಳು ಮೂರು ನಾಲ್ಕು ಜನ ಗುಂಪು ಕಟ್ಟಿಕೊಂಡು ಒಂದು ಪ್ರಾಜೆಕ್ಟ್ ಮಾಡುತ್ತಾರೆ. ಒಂದು ಗುಂಪು ಊರ ಹೊಲದಿಂದ ಚೀಲದಲ್ಲಿ ಮಣ್ಣು ತುಂಬಿಕೊಂಡು ಬರುತ್ತದೆ. ಇನ್ನೊಂದು ಗುಂಪು ಕ್ವಾರಿಯಿಂದ ಕಲ್ಲು ತರುತ್ತದೆ. ಮತ್ತೊಂದು ಗುಂಪು ಸಕ್ಕರೆ ಕಾರ್ಖಾನೆಯ ಬೂದಿಯನ್ನೋ ತೆಂಗಿನ ನಾರನ್ನೋ ಹೊಂದಿಸಿಕೊಳ್ಳುತ್ತದೆ. ಅವುಗಳನ್ನು ನೆನೆಸಿ, ಒಣಗಿಸಿ, ಒತ್ತಿ, ಒಡೆದು ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ಆ ಅಂಕಿಗಳು ದಪ್ಪ ರಟ್ಟಿನ ವರದಿಯಾಗಿ ಕಾಲೇಜಿನ ಬೀರು ಸೇರುತ್ತವೆ. ಪರೀಕ್ಷೆ ಮುಗಿದ ಮೇಲೆ ಅವನ್ನು ಯಾರೂ ತೆರೆದು ನೋಡುವುದಿಲ್ಲ.

ಇವತ್ತಿನ ನನ್ನ ಮಾತು ಆ ವರದಿಗಳ ಬಗ್ಗೆ, ಅವುಗಳ ಹಿಂದಿನ ದುಡಿಮೆಯ ಬಗ್ಗೆ. ಮಣ್ಣು ಮತ್ತು ಕಲ್ಲಿನ ಗುಣ ಊರಿಂದ ಊರಿಗೆ, ಒಂದೇ ಊರಿನಲ್ಲಿ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಎಲ್ಲೋ ಬರೆದ ಪುಸ್ತಕ ನಮ್ಮ ಊರ ಪಾಯದ ಕಥೆ ಹೇಳಲಾರದು. ಊರೂರಿನ ಮಣ್ಣನ್ನು ಕೈಯಲ್ಲಿ ಹಿಡಿದು ಅಳೆಯುವಷ್ಟು ಜನಬಲ ಯಾವ ಸಂಶೋಧನಾ ಸಂಸ್ಥೆಗೂ ಇಲ್ಲ. ಅಷ್ಟು ಜನ ಇರುವುದು ನಮ್ಮ ಕಾಲೇಜುಗಳಲ್ಲಿ. ಆದ್ದರಿಂದ ವಿದ್ಯಾರ್ಥಿಗಳ ಈ ಸಂಶೋಧನೆಯನ್ನು ನಾಡಿನ ಕೆಲಸ ಎಂದೇ ನಾವು ತಿಳಿಯಬೇಕು. ಅವರೂ ಹಾಗೆಂದೇ ಮಾಡಬೇಕು.

ಎರೆ ಮಣ್ಣಿನಿಂದ, ಅಂದರೆ ಕರಿ ಮಣ್ಣಿನಿಂದ, ಶುರು ಮಾಡುತ್ತೇನೆ. ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಕೇಳುಗರಿಗೆ ಅದರ ಸ್ವಭಾವವನ್ನು ಹೇಳಿಕೊಡಬೇಕಾಗಿಲ್ಲ. ಮಳೆ ಬಿದ್ದರೆ ಕಾಲು ಕಿತ್ತಿಡಲಾರದಷ್ಟು ಜಿಗುಟು. ಬೇಸಿಗೆ ಬಂದರೆ ಹೊಲ ಬಾಯಿಬಿಟ್ಟು, ಬಿರುಕಿನೊಳಗೆ ಕೈ ಇಳಿಯುತ್ತದೆ. ತೇವವನ್ನು ಹಿಡಿದಿಟ್ಟುಕೊಳ್ಳುವ ಗುಣದಿಂದಲೇ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಈ ಮಣ್ಣಿನಲ್ಲಿ ಬರುತ್ತವೆ. ಹೊಲದಲ್ಲಿ ವರವಾದ ಅದೇ ಗುಣ ಮನೆ ಕಟ್ಟುವಾಗ ಕಂಟಕವಾಗುತ್ತದೆ. ಮಳೆಗಾಲದಲ್ಲಿ ಮಣ್ಣು ಉಬ್ಬಿ ಪಾಯವನ್ನು ಮೇಲಕ್ಕೆ ನೂಕುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಪಾಯದ ಆಸರೆಯನ್ನು ಬಿಡಿಸುತ್ತದೆ. ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ಕಿಟಕಿಯ ಮೂಲೆಯಿಂದ ಗೋಡೆಯ ಮೇಲೆ ಓರೆಯಾಗಿ ಬಿರುಕು ಏಳುತ್ತದೆ. ಗಿಲಾವು ಹಾಕಿ ಮುಚ್ಚಿದರೆ ಮರುವರ್ಷ ಅಲ್ಲೇ ಮತ್ತೆ ಬಿಡುತ್ತದೆ.

ಕಾರಣ ಮಣ್ಣಿನ ಹುಟ್ಟಿನಲ್ಲೇ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಲಾವಾರಸ ಹರಡಿ ಬಸಾಲ್ಟ್ ಶಿಲೆಯಾಯಿತು. ಆ ಶಿಲೆ ಬಿಸಿಲು ಮಳೆಗೆ ಸವೆದು ಮಣ್ಣಾಗುವಾಗ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಅದರಲ್ಲಿ ಹೇರಳವಾಗಿ ಉಂಟಾಯಿತು. ಒಂದರ ಮೇಲೊಂದು ಜೋಡಿಸಿ ಕಟ್ಟಿದ ವೀಳ್ಯದೆಲೆಯ ಹಾಗೆ ಈ ಖನಿಜದ ಕಣದಲ್ಲಿ ಅತಿ ತೆಳುವಾದ ಹಾಳೆಗಳಿರುತ್ತವೆ. ಹಾಳೆ ಹಾಳೆಯ ನಡುವಿನ ಹಿಡಿತ ಬಹಳ ಸಡಿಲ. ಹಾಳೆಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ನಡುವೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಬಂದು ಕೂರುತ್ತವೆ. ನೀರು ಸಿಕ್ಕ ಕೂಡಲೇ ಅವು ನೀರನ್ನು ಒಳಗೆಳೆದುಕೊಂಡು ಹಾಳೆಗಳನ್ನು ದೂರ ತಳ್ಳುತ್ತವೆ. ಕಣ್ಣಿಗೆ ಕಾಣದ ಈ ತಳ್ಳಾಟ ಕೋಟಿ ಕೋಟಿ ಕಣಗಳಲ್ಲಿ ಒಟ್ಟುಗೂಡಿದಾಗ ಮನೆಯ ಗೋಡೆ ಬಿರಿಯುತ್ತದೆ.

ಇದನ್ನು ಕಣ್ಣಾರೆ ನೋಡಲು ದೊಡ್ಡ ಯಂತ್ರ ಬೇಕಿಲ್ಲ. ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಮಾಡುವುದನ್ನು ಹಾಗೆಯೇ ವರ್ಣಿಸುತ್ತೇನೆ. ಓವನ್‌ನಲ್ಲಿ ಒಣಗಿಸಿದ ಮಣ್ಣನ್ನು ಕುಟ್ಟಿ, 425 ಮೈಕ್ರಾನಿನ ಸಣ್ಣ ಜರಡಿಯಲ್ಲಿ ಸೋಸುತ್ತಾಳೆ. 10 ಗ್ರಾಮಿನ ಎರಡು ಪಾಲು ತೂಗುತ್ತಾಳೆ. 100 ಮಿಲಿಲೀಟರಿನ ಎರಡು ಗಾಜಿನ ಜಾಡಿ ಇಟ್ಟು ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ ತುಂಬಿ, ಎರಡಕ್ಕೂ ಮಣ್ಣು ಸುರಿದು ಗಾಜಿನ ಕಡ್ಡಿಯಿಂದ ಕಲಕುತ್ತಾಳೆ, ಸಿಕ್ಕಿಕೊಂಡ ಗಾಳಿಯೆಲ್ಲ ಗುಳ್ಳೆಯಾಗಿ ಮೇಲೆ ಬರಲೆಂದು. ಆಮೇಲೆ ಒಂದು ದಿನ ಮುಟ್ಟುವುದಿಲ್ಲ. ಮರುದಿನ ಬಂದು ನೋಡಿದರೆ ಸೀಮೆಎಣ್ಣೆಯ ಜಾಡಿಯಲ್ಲಿ ಮಣ್ಣು ತಳದಲ್ಲಿ ಸುಮ್ಮನೆ ಕೂತಿರುತ್ತದೆ. ನೀರಿನ ಜಾಡಿಯಲ್ಲಿ ಅದು ಉಬ್ಬಿ, ಕೆಲವೊಮ್ಮೆ ಎರಡರಷ್ಟು ಎತ್ತರಕ್ಕೆ ಏರಿರುತ್ತದೆ. ಸೀಮೆಎಣ್ಣೆಯ ಅಣುಗಳಿಗೆ ಆ ಹಾಳೆಗಳ ನಡುವೆ ನುಗ್ಗುವ ಗುಣವಿಲ್ಲ. ಎರಡು ಜಾಡಿಗಳ ವ್ಯತ್ಯಾಸವನ್ನು ಶೇಕಡಾ ಲೆಕ್ಕದಲ್ಲಿ ಹೇಳಿದರೆ ಅದೇ ಮಣ್ಣಿನ ಉಬ್ಬುವ ಸೂಚ್ಯಂಕ. 50ರ ಒಳಗಿದ್ದರೆ ಹೆಚ್ಚು ಚಿಂತೆಯಿಲ್ಲ. 100 ದಾಟಿದರೆ ಎಚ್ಚರ ಬೇಕು. 200 ದಾಟಿದ ಮಣ್ಣಿನ ಮೇಲೆ ಮಾಮೂಲಿ ಪಾಯ ಹಾಕುವುದೇ ತಪ್ಪು.

ಇನ್ನೊಂದು ಪರೀಕ್ಷೆ ಹಿತ್ತಾಳೆ ಬಟ್ಟಲಿನದು. ಮಣ್ಣಿಗೆ ನೀರು ಕಲಸಿ ಬಟ್ಟಲಿಗೆ ಹಚ್ಚಿ, ನಡುವೆ ಒಂದು ಗೀರು ಎಳೆಯುತ್ತಾರೆ. ಹಿಡಿಕೆ ತಿರುಗಿಸಿದರೆ ಬಟ್ಟಲು 1 ಸೆಂಟಿಮೀಟರ್ ಎತ್ತರದಿಂದ ಟಕ್ ಟಕ್ ಎಂದು ಬೀಳುತ್ತದೆ. 25 ಪೆಟ್ಟಿಗೆ ಗೀರು ಮುಚ್ಚಿಕೊಳ್ಳುವಾಗ ಮಣ್ಣಿನಲ್ಲಿ ಎಷ್ಟು ನೀರಿತ್ತೋ ಅದು ಆ ಮಣ್ಣಿನ ದ್ರವ ಮಿತಿ. ಅದಕ್ಕಿಂತ ಹೆಚ್ಚು ನೀರಾದರೆ ಮಣ್ಣು ಹರಿಯುವ ಪದಾರ್ಥ. ಹಾಗೆಯೇ ಅಂಗೈಯಲ್ಲಿ ಮಣ್ಣನ್ನು 3 ಮಿಲಿಮೀಟರ್ ದಪ್ಪದ ಎಳೆಯಾಗಿ ಹೊಸೆಯುತ್ತಾ ಹೋದಾಗ ಯಾವಾಗ ಅದು ತುಂಡಾಗಲು ತೊಡಗುತ್ತದೋ ಆಗಿನ ನೀರಿನ ಪ್ರಮಾಣ ಇನ್ನೊಂದು ಮಿತಿ. ಎರಡರ ನಡುವಿನ ಅಂತರ ದೊಡ್ಡದಾದಷ್ಟೂ ಮಣ್ಣು ತಂಟೆಕೋರ.

ಈ ಪರೀಕ್ಷೆಗಳ ಹಿಂದಿನ ಇತಿಹಾಸವನ್ನು ವಿದ್ಯಾರ್ಥಿಗಳು ತಿಳಿಯಬೇಕು. ಮಣ್ಣಿನ ಮಿತಿಗಳನ್ನು 1911ರಲ್ಲಿ ಗುರುತಿಸಿದ ಸ್ವೀಡನ್ನಿನ ಆಲ್ಬರ್ಟ್ ಆಟರ್‌ಬರ್ಗ್ ಸೇತುವೆ ಕಟ್ಟುವ ಎಂಜಿನಿಯರ್ ಆಗಿರಲಿಲ್ಲ, ಕೃಷಿ ರಸಾಯನ ಶಾಸ್ತ್ರಜ್ಞ. ಅವರು ಕೈಯಿಂದ ಮಾಡುತ್ತಿದ್ದುದಕ್ಕೆ 1932ರಲ್ಲಿ ಆರ್ಥರ್ ಕಸಾಗ್ರಾಂಡೆ ಈ ಹಿತ್ತಾಳೆ ಬಟ್ಟಲನ್ನು ರೂಪಿಸಿ, ಯಾರು ಮಾಡಿದರೂ ಒಂದೇ ಉತ್ತರ ಬರುವಂತೆ ಮಾಡಿದರು. ಕಸಾಗ್ರಾಂಡೆಯ ಗುರು ಕಾರ್ಲ್ ಟರ್ಜಾಗಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಇಸ್ತಾಂಬುಲ್‌ನಲ್ಲಿ ಪಾಠ ಹೇಳುತ್ತಿದ್ದ ಅವರಿಗೆ ಸರಿಯಾದ ಪ್ರಯೋಗಾಲಯವೇ ಇರಲಿಲ್ಲ. ಸಿಗಾರ್ ಡಬ್ಬಿ, ಅಡುಗೆಮನೆಯ ಸಾಮಾನು, ಗುಜರಿ ತುಂಡುಗಳಿಂದ ಉಪಕರಣ ಮಾಡಿಕೊಂಡು ಜೇಡಿಮಣ್ಣಿನಿಂದ ನೀರು ನಿಧಾನವಾಗಿ ಹಿಂಡಿಹೋಗುವ ಬಗೆಯನ್ನು ವರ್ಷಗಟ್ಟಲೆ ಅಳೆದರು. 1925ರಲ್ಲಿ ಹೊರಬಂದ ಅವರ ಪುಸ್ತಕದಿಂದ ಮಣ್ಣಿನ ಯಂತ್ರಶಾಸ್ತ್ರ ಎಂಬ ಶಾಸ್ತ್ರವೇ ನೆಲೆಗೊಂಡಿತು. ನಮ್ಮ ಕಾಲೇಜಿನಲ್ಲಿ ದುಬಾರಿ ಯಂತ್ರ ಇಲ್ಲ ಎಂದು ಕೊರಗುವ ಮಕ್ಕಳಿಗೆ ನಾನು ಟರ್ಜಾಗಿಯ ಈ ಕಥೆಯನ್ನು ತಪ್ಪದೆ ಹೇಳುತ್ತೇನೆ. ತಾಳ್ಮೆ ಮತ್ತು ಅಳತೆಯ ನಿಷ್ಠೆ ಇದ್ದರೆ ಡಬ್ಬಿಯೂ ಉಪಕರಣವಾಗುತ್ತದೆ.

ಎರೆ ಮಣ್ಣಿಗೆ ಮದ್ದುಗಳೂ ಇವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ, ಬುಡದಲ್ಲಿ ಗೆಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬಗಳನ್ನು ಇಂಥ ಮಣ್ಣಿಗಾಗಿ ರೂಪಿಸಿತು. ಮಳೆ ಬಿಸಿಲಿನ ಏರಿಳಿತ ತಲುಪದ ಆಳದಲ್ಲಿ ಆ ಬುಡ ಕೂರುವುದರಿಂದ ಮೇಲಿನ ಮಣ್ಣು ಏನೇ ಕುಣಿದರೂ ಮನೆ ಅಲುಗುವುದಿಲ್ಲ. ಮುಂಬೈ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ಅವರು ಬೇರೊಂದು ದಾರಿ ತೋರಿಸಿದರು. ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರವನ್ನು ಎರೆಯ ಮೇಲೆ ಸಾಕಷ್ಟು ದಪ್ಪಕ್ಕೆ ಹಾಸಿ ದಮ್ಮಸು ಮಾಡಿದರೆ ಕೆಳಗಿನ ಉಬ್ಬನ್ನು ಅದು ತಡೆಯುತ್ತದೆ. ನಮ್ಮ ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಈ ವಿಧಾನ ಬಳಕೆಗೆ ಬಂತು. ಇನ್ನು ಸುಣ್ಣ ಎಲ್ಲರಿಗೂ ಗೊತ್ತಿರುವ ಮದ್ದು. ಸುಣ್ಣದ ಕ್ಯಾಲ್ಸಿಯಂ ಹಾಳೆಗಳ ನಡುವೆ ಸೋಡಿಯಂನ ಜಾಗ ಹಿಡಿದು ಹಿಡಿತವನ್ನು ಬಿಗಿಗೊಳಿಸುತ್ತದೆ. ದಿನ ಕಳೆದಂತೆ ಜೇಡಿಯ ಸಿಲಿಕಾದೊಡನೆ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ.

ಆದರೆ ಇಲ್ಲೊಂದು ತಿರುವಿದೆ, ನನ್ನ ವಾದ ನಿಂತಿರುವುದೇ ಇದರ ಮೇಲೆ. ಮಣ್ಣಿನಲ್ಲಿ ಜಿಪ್ಸಂನಂಥ ಸಲ್ಫೇಟ್ ಲವಣವಿದ್ದರೆ ಅದೇ ಸುಣ್ಣ ವಿಷವಾಗುತ್ತದೆ. ಸುಣ್ಣ, ಜೇಡಿಯ ಅಲ್ಯುಮಿನಾ, ಸಲ್ಫೇಟ್ ಮತ್ತು ನೀರು ಕೂಡಿ ಎಟ್ರಿಂಜೈಟ್ ಎಂಬ ಸೂಜಿಯಂಥ ಹರಳುಗಳು ಬೆಳೆಯುತ್ತವೆ. ಹಾಕಿದ ರಸ್ತೆ ಮೊದಲಿಗಿಂತ ಹೆಚ್ಚು ಉಬ್ಬಿ ಏಳುತ್ತದೆ. ಕರಿ ಮಣ್ಣೆಲ್ಲ ಒಂದೇ ಎಂದು ನಂಬಿ ಪಕ್ಕದ ತಾಲ್ಲೂಕಿನ ಅಂಕಿಯನ್ನು ನಕಲು ಮಾಡಿದವನಿಗೆ ಇದು ತಿಳಿಯುವುದು ಕಾಮಗಾರಿ ಕೆಟ್ಟ ಮೇಲೆ. ಮೊದಲೇ ತಿಳಿಯಬೇಕಾದರೆ ಆ ಜಾಗದ ಮಣ್ಣನ್ನು ಯಾರಾದರೂ ಪರೀಕ್ಷಿಸಿರಬೇಕು.

ಇನ್ನು ಕಲ್ಲಿನ ಮಾತು. ಕಲ್ಲು ಗಟ್ಟಿ ಎನ್ನುತ್ತೇವೆ. ಒತ್ತಿದರೆ ಹೌದು, ಎಳೆದರೆ ಅಷ್ಟು ಗಟ್ಟಿಯಲ್ಲ. ಗ್ರಾನೈಟ್‌ನಂಥ ಶಿಲೆ ತಡೆಯುವ ಎಳೆತ, ಅದು ತಡೆಯುವ ಒತ್ತಡದ ಸುಮಾರು ಹತ್ತರಲ್ಲಿ ಒಂದು ಪಾಲು ಅಥವಾ ಇನ್ನೂ ಕಡಿಮೆ. ನಮ್ಮ ಕಲ್ಲುಕುಟಿಗರಿಗೆ ಇದು ಶತಮಾನಗಳಿಂದ ಗೊತ್ತು. ಬಂಡೆಯ ಮೇಲೆ ಸಾಲಾಗಿ ಕುಳಿ ತೋಡಿ, ಕಬ್ಬಿಣದ ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸಮನಾಗಿ ಪೆಟ್ಟು ಹಾಕುತ್ತಾರೆ. ಬೆಣೆ ಬಂಡೆಯನ್ನು ಎರಡು ಕಡೆಗೆ ಎಳೆಯುತ್ತದೆ, ಬಂಡೆ ಗೆರೆ ಕೊಯ್ದಂತೆ ಸೀಳುತ್ತದೆ. ಅದೇ ಗುಣವನ್ನು ಅಳೆಯುವ ಪರೀಕ್ಷೆಯೊಂದು 1943ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿತು. ರಿಯೊ ನಗರದಲ್ಲಿ ಹೊಸ ರಸ್ತೆಗಾಗಿ ಹಳೆಯ ಚರ್ಚೊಂದನ್ನು ಕಾಂಕ್ರೀಟ್ ಉರುಳೆಗಳ ಮೇಲೆ ಸರಿಸುವ ಯೋಚನೆ ಬಂದಾಗ, ಉರುಳೆ ಹೇಗೆ ಒಡೆಯುತ್ತದೆ ಎಂದು ಲೋಬೊ ಕಾರ್ನೇರೊ ಎಂಬ ಎಂಜಿನಿಯರ್ ಪರೀಕ್ಷಿಸಿದರು. ದುಂಡು ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಅದು ನಡುವಿನಲ್ಲಿ ಉದ್ದಕ್ಕೆ ಸೀಳುತ್ತದೆ. ಇಂದು ಜಗತ್ತಿನ ಎಲ್ಲ ಶಿಲಾ ಪ್ರಯೋಗಾಲಯಗಳಲ್ಲೂ ಅದು ಬ್ರೆಜಿಲಿಯನ್ ಪರೀಕ್ಷೆ. ಎದುರಿಗೆ ಬಂದ ಒಂದು ಸಣ್ಣ ತೊಡಕನ್ನು ಗಮನವಿಟ್ಟು ನೋಡಿದ್ದರ ಫಲ ಇದು.

ಆದರೆ ಲ್ಯಾಬಿನ ಬಿಲ್ಲೆ ಗುಡ್ಡವಲ್ಲ. ನಾವು ಪರೀಕ್ಷಿಸುವ ತುಂಡು ಸಾಮಾನ್ಯವಾಗಿ 54 ಮಿಲಿಮೀಟರ್ ಅಡ್ಡಳತೆಯದು, ಬಿರುಕಿಲ್ಲದ್ದು. ಗುಡ್ಡದ ಬಂಡೆಯಲ್ಲಿ ಸೀಳುಗಳಿವೆ, ಸೀಳಿನಲ್ಲಿ ಜೇಡಿ ಇದೆ, ಜೇಡಿಯ ಹಿಂದೆ ನೀರಿದೆ. ನಮ್ಮ ಘಟ್ಟಸೀಮೆಯಲ್ಲಿ ಶಿಲೆ ಕೊಳೆತು ಆದ ದಪ್ಪ ಮಣ್ಣಿನ ಹೊದಿಕೆ ಗಟ್ಟಿ ಬಂಡೆಯ ಮೇಲೆ ಕೂತಿರುತ್ತದೆ. ಕಣಕ್ಕೆ ಕಣ ಒತ್ತಿಕೊಂಡಿರುವ ಬಿಗಿಯಿಂದಲೇ ಆ ಮಣ್ಣು ಇಳಿಜಾರಿನಲ್ಲಿ ನಿಲ್ಲುತ್ತದೆ. ಎಡೆಬಿಡದ ಮಳೆಯಲ್ಲಿ ಸಂದುಗಳಲ್ಲಿ ನೀರಿನ ಒತ್ತಡ ಏರಿದಾಗ ಆ ಬಿಗಿ ಸಡಿಲುತ್ತದೆ. ಇದು ಟರ್ಜಾಗಿ ಕಂಡುಕೊಂಡ ತತ್ವ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನೂ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನೂ ನಾವು ಮರೆಯುವಂತಿಲ್ಲ. ಜೀವಗಳು ಹೋದವು, ಮನೆಗಳು ಹೋದವು. ಗುಡ್ಡದ ಬುಡ ಕಡಿಯುವಾಗ, ನೀರು ಹರಿಯುವ ದಾರಿಗೆ ಅಡ್ಡ ಕಟ್ಟುವಾಗ ಆ ಮಣ್ಣಿನ ಆಳ, ಅದರ ಬಿಗಿ, ಅದರಲ್ಲಿ ನೀರು ಇಂಗುವ ವೇಗ ಯಾರ ಕೈಯಲ್ಲಾದರೂ ಅಂಕಿಯಾಗಿ ಇರಬೇಕು. ಮಲೆನಾಡು, ಕರಾವಳಿಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಪ್ರಾಜೆಕ್ಟ್ ಬೇರೆ ಬೇಕೆ?

ಇಂಥ ಕೆಲಸಕ್ಕೆ ನಮ್ಮಲ್ಲಿ ಪರಂಪರೆ ಇದೆ. ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಭಾರಕ್ಕೆ ಬಿಗಿದು ನಿಂತ ಶಿಲೆ ಒಮ್ಮೆಲೇ ಸಿಡಿಯುತ್ತಿತ್ತು, ಕಾರ್ಮಿಕರು ಜೀವ ಕಳೆದುಕೊಂಡರು. ಆ ಶಿಲಾಸ್ಫೋಟಗಳ ಅಧ್ಯಯನ ನಡೆದ ನೆಲದಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಯಾಯಿತು. ಗಣಿ 2001ರಲ್ಲಿ ಮುಚ್ಚಿದರೂ ಅಲ್ಲಿ ಕಲಿತ ಪಾಠ ಇಂದು ಸುರಂಗ, ಅಣೆಕಟ್ಟು ಕಟ್ಟುವವರ ನೆರವಿಗಿದೆ.

ಮೂರನೆಯದು ಹೊಸ ಪದಾರ್ಥಗಳು. ಇಲ್ಲಿ ವಿದ್ಯಾರ್ಥಿಗಳ ಉತ್ಸಾಹ ಹೆಚ್ಚು, ಅದು ಸಹಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಅಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಗೂಡಿನಲ್ಲಿ ಸುಡದೆ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಅಂಥ ಇಟ್ಟಿಗೆಯ ಮನೆಗಳು ಬೆಂಗಳೂರಿನಲ್ಲಿ ಇಂದು ಸಾಕಷ್ಟಿವೆ. ಆದರೆ ಎರೆ ಮಣ್ಣಿಗೆ ಅದೇ ಪಾಕ ಒಗ್ಗುವುದಿಲ್ಲ. ಮರಳು ಬೆರೆಸಬೇಕೆ, ಸುಣ್ಣ ಸೇರಿಸಬೇಕೆ, ಎಷ್ಟು ಎಂಬುದನ್ನು ಆಯಾ ಊರಿನ ಮಣ್ಣೇ ಹೇಳಬೇಕು.

ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇಕಡಾ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದ ಬರುತ್ತದೆ. ಆದ್ದರಿಂದ ರಾಯಚೂರಿನ ವಿದ್ಯುತ್ ಸ್ಥಾವರದ ಹಾರುಬೂದಿ, ತೋರಣಗಲ್ಲಿನ ಉಕ್ಕಿನ ಕುಲುಮೆಯ ಕಿಟ್ಟ ಇವುಗಳಿಗೆ ಕ್ಷಾರ ಬೆರೆಸಿ ಸಿಮೆಂಟಿಲ್ಲದೆ ಗಟ್ಟಿಯಾಗುವ ಜಿಯೊಪಾಲಿಮರ್ ಕಾಂಕ್ರೀಟ್ ಮಾಡುವ ಪ್ರಯೋಗಗಳು ಕಾಲೇಜುಗಳಲ್ಲೂ ನಡೆಯುತ್ತಿವೆ. ಇನ್ನೂ ಬೆರಗಿನದು 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ಸಂಶೋಧಕರು ಪ್ರಕಟಿಸಿದ ಕೆಲಸ. ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಯೂರಿಯಾ, ಒಂದು ಬಗೆಯ ಬ್ಯಾಕ್ಟೀರಿಯಾ ಮತ್ತು ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆಯಂಥ ಗಟ್ಟಿ ಪದಾರ್ಥ ಮಾಡಿದರು. ಆ ಜೀವಿ ಯೂರಿಯಾವನ್ನು ಒಡೆದಾಗ ಬರುವ ಕಾರ್ಬೊನೇಟ್ ಕ್ಯಾಲ್ಸಿಯಂನೊಡನೆ ಸೇರಿ ಸುಣ್ಣಕಲ್ಲಿನ ಹರಳಾಗಿ ಕಣಗಳನ್ನು ಬೆಸೆಯುತ್ತದೆ. ಆ ಗೋರಿಕಾಯಿ ಎಂದರೆ ಉತ್ತರ ಕರ್ನಾಟಕದವರು ಪಲ್ಯ ಮಾಡುವ ಚವಳಿಕಾಯಿಯೇ. ಚಂದ್ರನಿಗಾಗಿ ಯೋಚಿಸಿದ ಈ ವಿಧಾನವನ್ನು ನಮ್ಮ ಮರಳು ಮಣ್ಣಿನ ಇಳಿಜಾರುಗಳ ಮೇಲೂ ಪರೀಕ್ಷಿಸಿ ನೋಡಬಹುದು.

ಈಗ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಹೊಸ ಪದಾರ್ಥ ಬೆರೆಸುವ ಮುಂಚೆ ಏನೂ ಬೆರೆಸದ ಮಣ್ಣಿನ ಪರೀಕ್ಷೆಯನ್ನು ಅಚ್ಚುಕಟ್ಟಾಗಿ ಮುಗಿಸಿ. ಹೋಲಿಸಲು ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಒಂದೇ ತುಂಡು ಒಡೆದು ತೀರ್ಮಾನಿಸಬೇಡಿ. ಮೂರು ತುಂಡು ಮೂರು ಉತ್ತರ ಕೊಟ್ಟರೆ ಮೂರನ್ನೂ ಬರೆಯಿರಿ, ಆ ಅಂತರವೇ ಪದಾರ್ಥದ ಸ್ವಭಾವದ ಭಾಗ. ಗ್ರಾಫ್ ಚೆಂದ ಕಾಣಲೆಂದು ಅಂಕಿಯನ್ನು ತಿದ್ದಬೇಡಿ. ಹಾಗೆ ತಿದ್ದಿದ ಅಂಕಿಯನ್ನು ನಂಬಿ ನಾಳೆ ಯಾರೋ ಶಾಲೆಯ ಗೋಡೆ ಎಬ್ಬಿಸಬಹುದು. ಬೂದಿ ಬೆರೆಸಿದ್ದರಿಂದ ಬಲ ಹೆಚ್ಚಲಿಲ್ಲ ಎಂದು ತಿಳಿದರೆ ಅದನ್ನೂ ಧೈರ್ಯವಾಗಿ ಬರೆಯಿರಿ. ಮುಂದಿನವರ ಒಂದು ವರ್ಷ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಣ್ಣು ತಂದ ಊರು, ಸರ್ವೆ ನಂಬರು, ಆಳ, ತಿಂಗಳು ಇವನ್ನು ಮೊದಲ ಪುಟದಲ್ಲೇ ನಮೂದಿಸಿ. "ಸ್ಥಳೀಯ ಕಪ್ಪು ಮಣ್ಣು" ಎಂದಷ್ಟೇ ಬರೆದ ವರದಿಯಿಂದ ಯಾರಿಗೂ ಉಪಯೋಗವಿಲ್ಲ.

ಅಧ್ಯಾಪಕರಿಗೆ, ಕಾಲೇಜಿನ ಆಡಳಿತದವರಿಗೆ ನನ್ನ ಬಿನ್ನಹ ಬೇರೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ವಿದ್ಯಾರ್ಥಿ ಯೋಜನೆಗಳಿಗೆ ಹಣದ ನೆರವು ಕೊಡುತ್ತಾ ಬಂದಿದೆ. ಅದನ್ನು ಬಳಸಿಕೊಳ್ಳಿ. ಪ್ರತಿ ಕಾಲೇಜು ತನ್ನ ಸುತ್ತಲಿನ ಒಂದು ತಾಲ್ಲೂಕನ್ನು ಆರಿಸಿಕೊಂಡು, ವರ್ಷಕ್ಕೆ ಒಂದಷ್ಟು ಊರುಗಳ ಮಣ್ಣನ್ನು ಪರೀಕ್ಷಿಸಿ, ಫಲಿತಾಂಶವನ್ನು ಎಲ್ಲರೂ ನೋಡುವಂತೆ ಕನ್ನಡದಲ್ಲಿ ಇಡಬೇಕು. ಈ ವರ್ಷದವರು ಬಿಟ್ಟ ಕಡೆಯಿಂದ ಮುಂದಿನ ವರ್ಷದವರು ಶುರು ಮಾಡಬೇಕು. ಹತ್ತು ವರ್ಷ ಹೀಗೆ ನಡೆದರೆ ರಾಜ್ಯದ ಮಣ್ಣಿನ ಬಗ್ಗೆ ಇವತ್ತು ಯಾರ ಬಳಿಯೂ ಇಲ್ಲದ ತಿಳಿವಳಿಕೆ ನಮ್ಮ ಮಕ್ಕಳ ಕೈಯಿಂದಲೇ ಕೂಡಿಬರುತ್ತದೆ.

ಕೊನೆಯದಾಗಿ ಮನೆ ಕಟ್ಟುವವರಿಗೆ, ಗೌಂಡಿಗಳಿಗೆ, ಪಂಚಾಯಿತಿಯವರಿಗೆ ಒಂದು ಮಾತು. ನಿಮ್ಮ ಹೊಲದಲ್ಲೋ ಸೈಟಿನಲ್ಲೋ ಮಣ್ಣು ಬೇಕೆಂದು ಹುಡುಗ ಹುಡುಗಿಯರು ಚೀಲ ಹಿಡಿದು ಬಂದರೆ ದಯವಿಟ್ಟು ಇಲ್ಲ ಎನ್ನಬೇಡಿ. ಅಗೆಯಲು ಗುದ್ದಲಿ ಕೊಡಿ, ಬಾವಿ ತೋಡಿದಾಗ ಎಷ್ಟು ಆಳಕ್ಕೆ ಗರಸು ಸಿಕ್ಕಿತು, ಯಾವ ಗೋಡೆ ಯಾವ ತಿಂಗಳಲ್ಲಿ ಬಿರಿಯುತ್ತದೆ ಎಂದು ಹೇಳಿ. ಅದು ಯಾವ ಪುಸ್ತಕದಲ್ಲೂ ಇಲ್ಲದ ಮಾಹಿತಿ. ಪರೀಕ್ಷೆ ಮುಗಿದ ಮೇಲೆ ನಮ್ಮ ಮಣ್ಣಿನ ಬಗ್ಗೆ ಏನು ತಿಳಿಯಿತು ಎಂದು ಅವರನ್ನು ಮರಳಿ ಕೇಳಿ. ಉತ್ತರ ಕೇಳುವವರು ಊರಲ್ಲಿ ಕಾದಿದ್ದಾರೆ ಎಂದು ಗೊತ್ತಾದರೆ ಆ ಮಕ್ಕಳ ಅಳತೆ ಇನ್ನಷ್ಟು ನಿಖರವಾಗುತ್ತದೆ, ಅವರ ವರದಿ ಬೀರುವಿನಿಂದ ಹೊರಗೆ ಬರುತ್ತದೆ.